ಗಿರಣಿಯಮ್ಮ ಮೋಟಾರು ನಿಲ್ಲಿಸಿದ ದಿನ

ನಮ್ಮ ಬೀದಿಯ ತಿರುವಿನಲ್ಲಿ ಒಂದು ಹಿಟ್ಟಿನ ಗಿರಣಿ. ಮುಂದುಗಡೆ ಗಿರಣಿ, ಹಿಂದುಗಡೆ ಮನೆ, ನಡುವೆ ಒಂದೇ ಗೋಡೆ. ಮೋಟಾರು ಶುರುವಾಯಿತೆಂದರೆ ಅಡುಗೆಮನೆಯ ಹಲಗೆಯ ಮೇಲಿನ ಲೋಟಗಳೆಲ್ಲ ಸಣ್ಣಗೆ ನಡುಗುತ್ತಿದ್ದವು. ಗಿರಣಿಯ ಯಜಮಾನ ತೀರಿಕೊಂಡಾಗ ಅವನ ಹೆಂಡತಿ ಗಿರಣಿ ಮಾರಿ ಮಗನನ್ನು ಕಟ್ಟಿಕೊಂಡು ತವರಿಗೆ ಹೋಗುತ್ತಾಳೆ ಎಂದುಕೊಂಡವರೇ ಹೆಚ್ಚು. ಆಕೆ ಹೋಗಲಿಲ್ಲ. ತಲೆಗೆ ಬಟ್ಟೆ ಬಿಗಿದುಕೊಂಡು ಬೆಲ್ಟು ಏರಿಸುವುದನ್ನು ಕಲಿತಳು, ಸವೆದು ನುಣುಪಾದ ಕಲ್ಲನ್ನು ಉಳಿಯಿಂದ ಕುಟ್ಟಿ ಒರಟು ಮಾಡುವುದನ್ನು ಕಲಿತಳು. ಅಂದಿನಿಂದ ಬೀದಿಗೆಲ್ಲ ಅವಳು ಗಿರಣಿಯಮ್ಮ.

ಸಂಜೆಯಾಗುವಷ್ಟರಲ್ಲಿ ಅವಳ ಹುಬ್ಬು, ರೆಪ್ಪೆ, ಕಿವಿಯ ಅಂಚು ಎಲ್ಲ ಹಿಟ್ಟು ಕೂತು ಬೆಳ್ಳಗಾಗಿರುತ್ತಿದ್ದವು. ಬೆಳಗ್ಗೆ ಸೊಸೆ, ಸಂಜೆ ಅತ್ತೆ ಎಂದು ತನ್ನನ್ನು ತಾನೇ ಗೇಲಿ ಮಾಡಿಕೊಳ್ಳುತ್ತಿದ್ದಳು. ಮೋಟಾರಿನ ಸದ್ದಿನ ಮೇಲೆ ಮಾತಾಡಿ ಮಾತಾಡಿ ದನಿ ದೊಡ್ಡದಾಗಿತ್ತು. ಗುಟ್ಟು ಹೇಳಿದರೂ ಅಕ್ಕಪಕ್ಕದ ಮನೆಗಳಿಗೆ ಕೇಳುತ್ತಿತ್ತು. ಡಬ್ಬಗಳ ಸಾಲಿನಲ್ಲಿ ಯಾರು ಮೊದಲು ಇಟ್ಟರೋ ಅವರದೇ ಮೊದಲು. ಎದುರಿನ ಕ್ಷೌರದಂಗಡಿಯ ಮಾವ ಒಮ್ಮೆ, ಗಿರಾಕಿಯ ಅರ್ಧ ಗಡ್ಡ ಬಾಕಿಯಿದೆ ಎಂಬ ನೆಪ ಹೇಳಿ ತನ್ನ ಡಬ್ಬವನ್ನು ಮುಂದೆ ಸರಿಸಲು ಹೋಗಿ, ಬೀದಿಗೆಲ್ಲ ಕೇಳುವಂತೆ ಅವಳಿಂದ ಉಗಿಸಿಕೊಂಡಿದ್ದ. ಕಾಳು ತಂದವರು ಸರದಿ ಬರುವ ತನಕ ಗೋಡೆಗೊರಗಿ ಮಾತಾಡುತ್ತ ಕೂರುತ್ತಿದ್ದರು. ಬೀದಿಯ ಯಾವ ಸುದ್ದಿಯೂ ಅಲ್ಲಿ ಒಮ್ಮೆ ಬೀಸಿಸಿಕೊಳ್ಳದೆ ಮನೆ ಸೇರುತ್ತಿರಲಿಲ್ಲ.

ಮಗ ದೊಡ್ಡವನಾಗಿ ವೆಲ್ಡಿಂಗ್ ಕೆಲಸಕ್ಕೆ ಸೇರಿದ. ಕಡಿಮೆ ಮಾತಿನವನು, ಕೆಲಸದಲ್ಲಿ ಗಟ್ಟಿಗ. ಬೇರೆ ಊರಿನಿಂದ ಬಂದ ಸೊಸೆ ಇನ್ನೂ ಕಡಿಮೆ ಮಾತಿನವಳು. ಇವರಿಬ್ಬರ ಪಾಲಿನ ಮಾತನ್ನೂ ನಾನೇ ಆಡಬೇಕು, ಸುಸ್ತಾಗುತ್ತೆ ಎಂದು ಗಿರಣಿಯಮ್ಮ ದೂರುತ್ತಿದ್ದಳು. ಆ ಮನೆಯಲ್ಲಿ ಹೆಣ್ಣು ಮಗು ಹುಟ್ಟಿತು.

ಮೊಮ್ಮಗಳು ಹುಟ್ಟಿದ ಮೇಲೆ ಗಿರಣಿಯ ತಕ್ಕಡಿಗೆ ಹೊಸ ಕೆಲಸ ಬಂತು. ಗಿರಣಿಯಮ್ಮ ತಟ್ಟೆಯನ್ನು ಒರೆಸಿ, ಮೆತ್ತನೆಯ ಬಟ್ಟೆ ಹಾಸಿ, ಮಗುವನ್ನು ಅದರಲ್ಲಿ ಮಲಗಿಸಿ ತೂಗುತ್ತಿದ್ದಳು. ಇಷ್ಟು ಹೆಚ್ಚಾಗಿದ್ದಾಳೆ ಎಂದು ಸಾಲಿನಲ್ಲಿ ಕೂತವರಿಗೆಲ್ಲ ಸಾರುತ್ತಿದ್ದಳು. ಕ್ಷೌರದಂಗಡಿಯ ಮಾವ ಬಾಗಿಲಲ್ಲಿ ನಿಂತು, ಬೀಸಿಬಿಡಬೇಡ ಮಾರಾಯ್ತಿ ಎಂದು ಕಿಚಾಯಿಸುತ್ತಿದ್ದ. ಆದರೆ ಕೆಲವು ವಾರಗಳಾದ ಮೇಲೆ ಮುಳ್ಳು ನಿಂತಲ್ಲೇ ನಿಲ್ಲತೊಡಗಿತು. ಮಗು ಹಾಲು ಕುಡಿಯುವಾಗ ನಡುನಡುವೆ ಬಿಟ್ಟು ಏದುಸಿರು ಬಿಡುತ್ತಿತ್ತು, ಹಣೆಯ ಮೇಲೆ ಬೆವರು ಮೂಡುತ್ತಿತ್ತು. ಗೋಡೆಯಾಚೆ ಮೋಟಾರು ಓಡುವ ಮನೆ, ಸೆಕೆ ಇದ್ದದ್ದೇ ಎಂದುಕೊಂಡು ಗಿರಣಿಯಮ್ಮ ಬೀಸಣಿಗೆ ಬೀಸುತ್ತಿದ್ದಳು.

ಶಾಲೆಯ ಪಕ್ಕದ ಆರೋಗ್ಯ ಕೇಂದ್ರದ ಸಣ್ಣ ಕೋಣೆಯಲ್ಲಿ ಮಕ್ಕಳಿಗೆ ಲಸಿಕೆ ಹಾಕುತ್ತಿದ್ದರು. ಅಲ್ಲಿನ ನರ್ಸಕ್ಕ ನಮ್ಮ ಬೀದಿಗೆ ಹಳಬಳು. ಬೀದಿಯ ಮಕ್ಕಳಲ್ಲಿ ಅವಳನ್ನು ನೋಡಿ ಅಮ್ಮನ ಹಿಂದೆ ಅವಿತುಕೊಳ್ಳದವರು ಇರಲಿಲ್ಲ. ಸೊಸೆ ಮಗುವನ್ನು ಎತ್ತಿಕೊಂಡು ಹೋಗಿ ಚುಚ್ಚುಮದ್ದು ಹಾಕಿಸಿಕೊಂಡು ಬಂದಳು. ಸಂಜೆ ಮೈ ಸ್ವಲ್ಪ ಬೆಚ್ಚಗಾಯಿತು. ಹಾಗಾಗುತ್ತದೆ ಎಂದು ನರ್ಸಕ್ಕ ಮೊದಲೇ ಹೇಳಿದ್ದಳು. ಮರುದಿನ ಜ್ವರ ಇಳಿಯಿತು. ಅದರ ಮಾರನೆಯ ದಿನ ಮಗು ಎದೆಗೆ ಬಾಯಿಡಲಿಲ್ಲ. ಉಸಿರು ಓಡತೊಡಗಿತು, ತುಟಿ ಕಪ್ಪಿಟ್ಟಿತು. ಮಗ ಕೆಲಸದ ಜಾಗದಿಂದಲೇ ಓಡಿಬಂದ. ದೊಡ್ಡಾಸ್ಪತ್ರೆಗೆ ಕರೆದೊಯ್ದರು. ಮಗು ಉಳಿಯಲಿಲ್ಲ.

ಸೊಸೆ ಒಳಗೆ ಮಗುವಿನ ಬಳಿಯೇ ಕುಸಿದು ಕೂತಿದ್ದಳು. ಡಾಕ್ಟರು ಗಿರಣಿಯಮ್ಮನನ್ನೂ ಮಗನನ್ನೂ ಹೊರಗಿನ ಬಾಗಿಲ ಬಳಿ ಕರೆದು ನಿಧಾನವಾಗಿ ಹೇಳಿದರು. ಮಗುವಿನ ಹೃದಯ ಹುಟ್ಟುವಾಗಲೇ ಸರಿಯಾಗಿ ಕೂಡಿಕೊಂಡಿರಲಿಲ್ಲ, ವಾರಗಳಿಂದ ಅದು ಸೋಲುತ್ತ ಬಂದಿದೆ, ಹಾಲು ಕುಡಿಯುವಾಗ ಬೆವರುತ್ತಿದ್ದದ್ದೂ ತೂಕ ಏರದೆ ಇದ್ದದ್ದೂ ಅದಕ್ಕೇ, ಚುಚ್ಚುಮದ್ದಿಗೂ ಇದಕ್ಕೂ ಸಂಬಂಧವಿಲ್ಲ. ಗಿರಣಿಯಮ್ಮನಿಗೆ ಪ್ರತಿ ಮಾತೂ ಕೇಳಿಸಿತು. ಮಗನಿಗೆ ಏನೂ ಕೇಳಿಸಲಿಲ್ಲ. ಅವನು ಗೋಡೆಯತ್ತ ತಿರುಗಿ ನಿಂತಿದ್ದ.

ಮಣ್ಣು ಮಾಡಿ ಬಂದ ಮೇಲೆ ಅವನ ಬಾಯಿಂದ ಬಂದ ಮೊದಲ ಮಾತು, ಸೂಜಿ ಚುಚ್ಚಿಸಿದ್ದಕ್ಕೇ ಹೀಗಾಯಿತು ಎಂಬುದು. ಕೂತಿದ್ದವರೆಲ್ಲ ತಲೆದೂಗಿದರು. ಕ್ಷೌರದಂಗಡಿಯಲ್ಲಿ ಆ ಮಾತಿಗೆ ಕೈಕಾಲು ಬಂದವು. ನೆಂಟರ ಊರಿನಲ್ಲೂ ಒಂದು ಮಗು ಹೀಗೇ ಹೋಯಿತಂತೆ ಎಂದು ಒಬ್ಬ, ಔಷಧಿ ಹಳೆಯದಿತ್ತಂತೆ ಎಂದು ಇನ್ನೊಬ್ಬ ಸೇರಿಸಿದ. ನರ್ಸಕ್ಕ ಮನೆಗೆ ಬಂದಾಗ ಮಗ ಬಾಗಿಲಲ್ಲೇ ತಡೆದು, ಇನ್ನು ಈ ಹೊಸ್ತಿಲು ತುಳಿಯಬೇಡ ಎಂದ. ಬೀದಿಯೆಲ್ಲ ನೋಡುತ್ತಿತ್ತು. ಗಿರಣಿಯಮ್ಮ ಒಳಗೆ ನಿಂತಿದ್ದಳು. ಅಷ್ಟು ದೊಡ್ಡ ದನಿಯವಳು ಅಂದು ತುಟಿ ಬಿಚ್ಚಲಿಲ್ಲ.

ಅವಳು ಯಾಕೆ ಸುಮ್ಮನಿದ್ದಳೆಂಬುದು ನಮಗೆ ತಿಳಿದದ್ದು ಬಹಳ ತಡವಾಗಿ. ಕೆಲವು ವರ್ಷಗಳ ಹಿಂದೆ ಪಕ್ಕದ ಬೀದಿಯಲ್ಲಿ ಪಾದ ತಿರುಚಿಕೊಂಡ ಮಗುವೊಂದು ಹುಟ್ಟಿತ್ತು. ಬಸುರಿನಲ್ಲಿ ಏನು ತಿಂದಳೋ, ಯಾವ ಮಾತ್ರೆ ನುಂಗಿದಳೋ, ಅವಳ ತವರಿನಲ್ಲಿ ಇನ್ಯಾರಿಗೆ ಹೀಗಿದೆಯೋ ಎಂದು ಜನ ಆ ತಾಯಿಯನ್ನು ಅರೆದಿದ್ದರು. ಅರೆದದ್ದು ಈ ಗಿರಣಿಯ ಸಾಲಿನಲ್ಲೇ, ಗಿರಣಿಯಮ್ಮನ ಕಿವಿಯ ಮುಂದೆಯೇ. ಹುಟ್ಟಿನಿಂದಲೇ ದೋಷವಿತ್ತು ಎಂದು ತಾನು ಬಾಯಿಬಿಟ್ಟರೆ ನಾಳೆ ಆ ಸಾಲಿನಲ್ಲಿ ಸಿಕ್ಕಿಕೊಳ್ಳುವವಳು ತನ್ನ ಸೊಸೆ. ಸೂಜಿಯ ಮೇಲೆ ಹಾಕಿದರೆ ಸೊಸೆ ಉಳಿಯುತ್ತಾಳೆ. ಹೀಗೆಂದುಕೊಂಡು ಅವಳು ಡಾಕ್ಟರ ಮಾತನ್ನು ಹೊಟ್ಟೆಯಲ್ಲಿಟ್ಟುಕೊಂಡಳು. ಸೊಸೆಗೂ ಹೇಳಲಿಲ್ಲ. ನೊಂದವಳನ್ನು ಇನ್ನಷ್ಟು ನೋಯಿಸುವುದು ಬೇಡವೆಂದು.

ಲಸಿಕೆಯ ಕೋಣೆ ಖಾಲಿಯಾಯಿತು. ನರ್ಸಕ್ಕ ಐಸು ತುಂಬಿದ ನೀಲಿ ಡಬ್ಬಿ ಇಟ್ಟುಕೊಂಡು ಬೆಳಗಿನಿಂದ ಕೂತು, ಹಾಗೇ ಎತ್ತಿಕೊಂಡು ಹೋಗುತ್ತಿದ್ದಳು. ಮನೆಮನೆಗೆ ಹೋದರೆ ಒಂದು ಮನೆಯಲ್ಲಿ ಮಗು ಮಲಗಿದೆ, ಇನ್ನೊಂದರಲ್ಲಿ ಅಜ್ಜಿಯ ಊರಿಗೆ ಹೋಗಿದೆ. ಅಜ್ಜಿಯ ಊರಿಗೆ ಹೋದ ಮಗು ಒಳಗಿನಿಂದ ಅಳುವುದು ಕೇಳುತ್ತಿತ್ತು. ಹೆಚ್ಚು ಒತ್ತಾಯ ಮಾಡಿದರೆ ಎಲ್ಲರದೂ ಒಂದೇ ಉತ್ತರ, ಗಿರಣಿಯಮ್ಮನ ಮೊಮ್ಮಗಳು ಏನಾದಳು ನೋಡಲಿಲ್ಲವೇ ಎಂದು. ದೊಡ್ಡ ಆಫೀಸಿನವರು ಒಮ್ಮೆ ಗಾಡಿಗೆ ಮೈಕು ಕಟ್ಟಿಕೊಂಡು ಬಂದು, ಲಸಿಕೆ ಹಾಕಿಸದವರು ಮಕ್ಕಳ ಶತ್ರುಗಳು ಎಂದು ಕೂಗಿಕೊಂಡು ಹೋದರು. ಅಂದು ತೆರೆದಿದ್ದ ಒಂದೆರಡು ಬಾಗಿಲೂ ಮುಚ್ಚಿದವು.

ನರ್ಸಕ್ಕ ಮಾತ್ರ ಗಿರಣಿ ಬದಲಿಸಲಿಲ್ಲ. ತನ್ನ ಗೋಧಿಯ ಡಬ್ಬ ತಂದು ಸಾಲಿನಲ್ಲಿಟ್ಟು ಹೋಗುತ್ತಿದ್ದಳು. ಗಿರಣಿಯಮ್ಮ ತಲೆ ಎತ್ತದೆ ಬೀಸಿ, ಮುಚ್ಚಳ ಬಿಗಿಯಾಗಿ ಹಾಕಿ, ಪಕ್ಕಕ್ಕಿಡುತ್ತಿದ್ದಳು.

ಹೀಗೆ ಎರಡು ವರ್ಷ ಹೋಯಿತು. ಚಳಿ ಶುರುವಾದ ಸಮಯದಲ್ಲಿ ಮಕ್ಕಳಿಗೆ ಗಂಟಲು ನೋವು ಹಬ್ಬಿತು. ಎಲ್ಲರೂ ನೆಗಡಿ ಎಂದುಕೊಂಡರು. ಗಾರೆ ಮೇಸ್ತ್ರಿಯ ಮಗನಿಗೆ ಕುತ್ತಿಗೆ ಊದಿಕೊಂಡಿತು. ಆಗತಾನೇ ಎರಡು ಮಾತು ಜೋಡಿಸಿ ಆಡಲು ಕಲಿತಿದ್ದ ಮಗು ಅದು. ಆಸ್ಪತ್ರೆಯಲ್ಲಿ ಬಾಯಿ ತೆರೆಸಿ ನೋಡಿದರೆ ಗಂಟಲಿಗೆ ಬೂದಿ ಬಣ್ಣದ ಪೊರೆ ಕಟ್ಟಿಕೊಂಡಿತ್ತು. ಗಂಟಲುಮಾರಿ. ಚಿಕ್ಕಂದಿನ ಚುಚ್ಚುಮದ್ದಿನಲ್ಲಿ ತಡೆಯಬಹುದಾಗಿದ್ದ ರೋಗ ಎಂದು ಅಲ್ಲಿನವರು ಹೇಳಿದರಂತೆ. ಹುಡುಗನಿಗೆ ಒಂದೂ ಚುಚ್ಚುಮದ್ದು ಆಗಿರಲಿಲ್ಲ. ಬೇಕಾದ ಔಷಧಿ ಬರುವ ಹೊತ್ತಿಗೆ ಉಸಿರು ನಿಂತುಹೋಗಿತ್ತು.

ಗಿರಣಿಯಮ್ಮ ಮೇಸ್ತ್ರಿಯ ಮನೆಗೆ ಹೋದಳು. ಮೇಸ್ತ್ರಿಯ ಹೆಂಡತಿ ಮೂಲೆಯಲ್ಲಿ ಮುಖ ಮುಚ್ಚಿಕೊಂಡು ಮಲಗಿದ್ದಳು. ಮೇಸ್ತ್ರಿ ಎದ್ದು ಬಂದು ಗಿರಣಿಯಮ್ಮನ ಎರಡೂ ಕೈ ಹಿಡಿದುಕೊಂಡ. ಮೊಮ್ಮಗಳನ್ನು ಕಳೆದುಕೊಂಡವಳು, ತನ್ನ ಸಂಕಟ ಇವಳಿಗಲ್ಲದೆ ಇನ್ಯಾರಿಗೆ ಅರ್ಥವಾಗಬೇಕು ಎಂಬ ಭಾವ ಅವನದು. ದೂರುವ ದನಿಯಲ್ಲ, ತನ್ನವರೊಡನೆ ಹೇಳಿಕೊಳ್ಳುವ ದನಿ.

"ನಿಮ್ಮ ಮನೆ ಮಗೂಗೆ ಹಾಗಾಯ್ತಲ್ಲ ಅಮ್ಮ, ಅದಕ್ಕೇ ನಾವು ಹೆದರಿ ಇವನಿಗೆ ಒಂದೂ ಹಾಕಿಸ್ಲಿಲ್ಲ. ಉಳಿಸ್ಕೊಳ್ಳೋಣ ಅಂತಾನೇ ಹಾಕಿಸ್ಲಿಲ್ಲ."

ಗಿರಣಿಯಮ್ಮ ಅವನ ಕೈಯಿಂದ ತನ್ನ ಕೈ ಬಿಡಿಸಿಕೊಳ್ಳಲಾರದೆ ಹಾಗೇ ನಿಂತಳು. ಆಮೇಲೆ ಮನೆಗೆ ಬಂದು ಗಿರಣಿಯ ಮೆಟ್ಟಿಲ ಮೇಲೆ ಕೂತಳು. ಅಂದು ಮೋಟಾರು ಓಡಲಿಲ್ಲ. ಕಾಳು ತಂದವರು ಅವಳ ಮುಖ ನೋಡಿ, ಡಬ್ಬ ಇಟ್ಟು, ಸದ್ದಿಲ್ಲದೆ ಹೋದರು.

ಮರುದಿನ ಬೆಳಗ್ಗೆ ಮಗ ಕೆಲಸಕ್ಕೆ ಹೋದ ಮೇಲೆ ಅತ್ತೆ ಸೊಸೆ ಮೊರ ಹಿಡಿದು ಕಾಳು ಹಸನು ಮಾಡುತ್ತ ಕೂತಿದ್ದರು. ಅಲ್ಲಿ ನಡೆದದ್ದನ್ನು ಮುಂದೆ ಸೊಸೆಯೇ ನಮಗೆ ಹೇಳಿದಳು. ಗಿರಣಿಯಮ್ಮ ಕಲ್ಲು ಆರಿಸುವ ಕೈ ನಿಲ್ಲಿಸದೆಯೇ ಡಾಕ್ಟರು ಹೇಳಿದ್ದನ್ನೆಲ್ಲ ಹೇಳಿದಳಂತೆ. ಹೃದಯದ ಮಾತು, ಬೆವರಿನ ಮಾತು, ತಕ್ಕಡಿಯ ಮಾತು. ಯಾಕೆ ಮುಚ್ಚಿಟ್ಟೆ ಎಂಬುದನ್ನೂ ಹೇಳಿದಳು. ಸೊಸೆ ಅಳುತ್ತಾಳೆ, ಇಲ್ಲವೇ ತನ್ನ ಮೇಲೆ ರೇಗುತ್ತಾಳೆ ಎಂದುಕೊಂಡಿದ್ದಳು. ಸೊಸೆ ಮೊರವನ್ನು ಕೆಳಗಿಟ್ಟಳು.

"ಹಾಗಾದ್ರೆ ನಾನು ಎತ್ಕೊಂಡು ಹೋಗಿದ್ದಕ್ಕೆ ಆಗಿದ್ದಲ್ಲ ಅಂತೀರಾ ಅತ್ತೆ?"

ಗಿರಣಿಯಮ್ಮನಿಗೆ ಆ ಪ್ರಶ್ನೆ ಅರ್ಥವಾಗಲು ಒಂದು ಕ್ಷಣ ಬೇಕಾಯಿತು. ಎರಡು ವರ್ಷ ಈ ಹುಡುಗಿ ತನ್ನ ಪಕ್ಕದಲ್ಲೇ ಉಂಡಿದ್ದಾಳೆ, ಮಲಗಿದ್ದಾಳೆ, ಕಾಳು ಆರಿಸಿದ್ದಾಳೆ. ಮಗುವನ್ನು ತೋಳಿನಲ್ಲಿ ಎತ್ತಿಕೊಂಡು, ಸೂಜಿಗೆ ತೊಡೆ ಒಡ್ಡಿ, ಅಲುಗಾಡದಂತೆ ಗಟ್ಟಿಯಾಗಿ ಹಿಡಿದವಳು ತಾನೇ ಎಂದು ದಿನವೂ ಬೆಂದಿದ್ದಾಳೆ. ತನ್ನ ಕೈಯಾರೆ ಕೊಂದೆ ಎಂದುಕೊಂಡಿದ್ದಾಳೆ. ಅವಳನ್ನು ಉಳಿಸಲೆಂದು ತಾನು ಕಟ್ಟಿದ ಗೋಡೆಯ ಒಳಗೇ ಅವಳು ಉಸಿರುಗಟ್ಟಿ ಕೂತಿದ್ದಳು. ಗಿರಣಿಯಮ್ಮ ಸೊಸೆಯ ತಲೆಯನ್ನು ಎದೆಗೆ ಒತ್ತಿಕೊಂಡಳು. ಅಲ್ಲ ಮಗಳೇ, ಅಲ್ಲ, ಅಲ್ಲ ಎಂದಷ್ಟೇ ಹೇಳಲು ಸಾಧ್ಯವಾಯಿತು.

ಆದರೂ ಸೊಸೆಗೆ ಅತ್ತೆಯ ಮಾತು ಸಾಲಲಿಲ್ಲ. ತನ್ನ ಕಿವಿಯಿಂದಲೇ ಕೇಳಬೇಕು ಎಂದಳು. ಇಬ್ಬರೂ ದೊಡ್ಡಾಸ್ಪತ್ರೆಗೆ ಹೋಗಿ ಆ ಡಾಕ್ಟರಿಗಾಗಿ ಕಾದು ಕೂತರು. ಅವರಿಗೆ ನೆನಪಿತ್ತು. ಒಂದು ಹಾಳೆಯ ಮೇಲೆ ಹೃದಯದ ಚಿತ್ರ ಬರೆದು, ಎಲ್ಲಿ ಗೋಡೆ ಇರಬೇಕಿತ್ತು, ಎಲ್ಲಿ ಇರಲಿಲ್ಲ ಎಂದು ತೋರಿಸಿದರು. ಜ್ವರ ಬಾರದಿದ್ದರೆ ಉಳಿಯುತ್ತಿತ್ತೇ ಎಂದು ಸೊಸೆ ಕೇಳಿದಳು. ಇಲ್ಲ, ಹೃದಯ ಅದಕ್ಕೂ ಮೊದಲೇ ಸೋತಿತ್ತು. ನಾವು ಮೊದಲೇ ಕಂಡುಹಿಡಿದಿದ್ದರೆ ಆಪರೇಷನ್ ಮಾಡಿ ಪ್ರಯತ್ನಿಸಬಹುದಿತ್ತೇನೋ ಎಂದು ಅವರು ಮುಚ್ಚುಮರೆಯಿಲ್ಲದೆ ಹೇಳಿದರು. ತಾಯಿ ಏನಾದರೂ ತಿಂದದ್ದಕ್ಕೋ ಮಾಡಿದ್ದಕ್ಕೋ ಹೀಗಾದದ್ದಲ್ಲ ಎಂಬುದನ್ನು ಕೇಳದೆಯೇ ಹೇಳಿದರು. ಹೊರಗೆ ಬಂದ ಮೇಲೆ ಸೊಸೆ, ಬೀದಿಯಲ್ಲಿ ನಡೆಯುತ್ತಲೇ ಜೋರಾಗಿ ಅತ್ತಳು. ಎರಡು ವರ್ಷದಲ್ಲಿ ಅವಳು ಅಷ್ಟು ಜೋರಾಗಿ ಅತ್ತದ್ದು ಅದೇ ಮೊದಲು. ಗಿರಣಿಯಮ್ಮ ಸುಮ್ಮನಿರು ಎನ್ನಲಿಲ್ಲ.

ಮಗನಿಗೆ ಹೇಳುವುದು ಬಾಕಿ ಇತ್ತು. ಊಟಕ್ಕೆ ಕೂತಾಗ ತಾಯಿ ಹೇಳಿದಳು. ಅವನು ತಟ್ಟೆ ಸರಿಸಿ ಎದ್ದ. ಡಾಕ್ಟರು ನಿನ್ನೆದುರಿಗೇ ಹೇಳಿದರು ಎಂದಾಗ, ಹೇಳಿರಬಹುದು, ಅವರು ಅವರವರನ್ನು ಬಿಟ್ಟುಕೊಡುತ್ತಾರೆಯೇ ಎಂದ. ಹೆಂಡತಿ ಚಿತ್ರದ ಹಾಳೆ ಮುಂದೆ ಹಿಡಿದಳು. ಅವನು ಅದನ್ನು ನೋಡಿದ. ಬಹಳ ಹೊತ್ತು ನೋಡಿದ.

"ಆ ನರ್ಸಲ್ಲ ಅಂದ್ರೆ ನಾನು ಯಾರ ಮೇಲಮ್ಮ ಸಿಟ್ಟು ಮಾಡ್ಲಿ?" ಎಂದ.

ತಾಯಿ ಆ ಹಾಳೆಯನ್ನು ಮಡಿಸಿ ಎತ್ತಿಟ್ಟಳು. ನಾಳೆ ನಾನು ಇದನ್ನು ಬೀದಿಯಲ್ಲಿ ಹೇಳುತ್ತೇನೆ ಎಂದು ಮಾತ್ರ ಹೇಳಿದಳು. ಹೇಳಿದರೆ ನನ್ನ ಜೊತೆ ಮಾತಾಡಬೇಡ ಎಂದು ಅವನು ಹೊರಗೆ ಹೋದ.

ಮರುದಿನ ಗಿರಣಿಯಲ್ಲಿ ಜನ ತುಂಬಿದ್ದರು. ಗಂಟಲುಮಾರಿಯ ಭಯದಲ್ಲಿ ಬೀದಿಗೆ ಬೀದಿಯೇ ಬೇರೆ ಮಾತಾಡುತ್ತಿರಲಿಲ್ಲ. ಆದರೂ ಲಸಿಕೆಯ ಮಾತು ಬಂದರೆ ಎಲ್ಲರೂ ಗಿರಣಿಯಮ್ಮನತ್ತ ಒಮ್ಮೆ ನೋಡಿ ದನಿ ತಗ್ಗಿಸುತ್ತಿದ್ದರು. ಗಿರಣಿಯ ಬಾಯಿಗೆ ಅರ್ಧ ಡಬ್ಬ ಕಾಳು ಸುರಿದಿದ್ದಳು. ಇದ್ದಕ್ಕಿದ್ದಂತೆ ಕೈ ಚಾಚಿ ಮೋಟಾರು ನಿಲ್ಲಿಸಿದಳು. ಬೆಲ್ಟು ಒಂದಷ್ಟು ಸುತ್ತು ಸುತ್ತಿ ನಿಂತಿತು. ಕರೆಂಟು ಹೋಯಿತೇ ಎಂದು ಯಾರೋ ಕೇಳಿದರು.

ಅವಳು ತಲೆಯ ಬಟ್ಟೆ ಬಿಚ್ಚಿ ಮುಖ ಒರೆಸಿಕೊಂಡಳು.

"ನನ್ನ ಮೊಮ್ಮಗಳು ಸೂಜಿಯಿಂದ ಸಾಯ್ಲಿಲ್ಲ. ಅವಳ ಹೃದಯ ಹುಟ್ಟುವಾಗ್ಲೇ ಸರಿ ಇರ್ಲಿಲ್ಲ. ಡಾಕ್ಟರು ಅವತ್ತೇ ನನಗೆ ಹೇಳಿದ್ರು. ನಾನು ಬಾಯಿ ಮುಚ್ಕೊಂಡಿದ್ದೆ. ನನ್ನ ಮಗೂನ ಹೆಸರು ಹೇಳಿ ನಿಮ್ಮ ಮಕ್ಕಳಿಗೆ ಹಾಕಿಸದೆ ಇರ್ಬೇಡಿ. ಬೇರೆ ಏನು ಅನುಮಾನ ಇದ್ರೂ ಕೇಳೋಣ. ಅವಳ ಹೆಸರು ಮಾತ್ರ ಹೇಳ್ಬೇಡಿ."

ಸಾಲಿನ ಕೊನೆಯಲ್ಲಿದ್ದ ಹೆಂಗಸೊಬ್ಬಳು ಪಕ್ಕದವಳ ಕಿವಿಯಲ್ಲಿ, ಹಾಗಾದರೆ ತಾಯಿಯ ಹೊಟ್ಟೆಯಲ್ಲೇ ಕೆಟ್ಟದ್ದು ಎಂದಾಯಿತು ಎಂದಳು. ಮೋಟಾರು ಓಡುತ್ತಿದ್ದರೆ ಅದು ಯಾರಿಗೂ ಕೇಳುತ್ತಿರಲಿಲ್ಲ. ಅಂದು ಎಲ್ಲರಿಗೂ ಕೇಳಿತು. ಒಳಬಾಗಿಲಲ್ಲಿ ನಿಂತಿದ್ದ ಸೊಸೆ ಮುಂದೆ ಬಂದಳು. ಅವಳು ಸಾಲಿನವರೆದುರು ಮಾತಾಡಿದ್ದನ್ನು ನಾವು ಅದುವರೆಗೆ ಕಂಡಿರಲಿಲ್ಲ.

"ಹೌದು, ನನ್ನ ಹೊಟ್ಟೇಲೇ ಬೆಳೆದದ್ದು. ಯಾರ ತಪ್ಪೂ ಅಲ್ಲ ಅಂತ ಡಾಕ್ಟರು ಹೇಳಿದ್ದಾರೆ. ನಿಮಗೆ ಬೇರೆ ಥರ ಅನ್ನಿಸಿದ್ರೆ ನನ್ನ ಮುಖ ನೋಡಿ ಹೇಳಿ."

ಆ ಹೆಂಗಸು ತಲೆ ತಗ್ಗಿಸಿದಳು. ಗಿರಣಿಯಮ್ಮ ಮತ್ತೆ ಮೋಟಾರು ಹಾಕಿ, ಉಳಿದ ಕಾಳು ಸುರಿದಳು.

ಇಷ್ಟು ಹೇಳಿದ ಕೂಡಲೇ ಬೀದಿಯವರೆಲ್ಲ ಮಕ್ಕಳನ್ನೆತ್ತಿಕೊಂಡು ಓಡಿದರೆಂದರೆ ಸುಳ್ಳಾದೀತು. ಮೊದಲ ವಾರ ಹೋದವರು ಬೆರಳೆಣಿಕೆಯಷ್ಟು. ನರ್ಸಿನ ಕಡೆಯವರು ಗಿರಣಿಯಮ್ಮನಿಗೆ ಏನೋ ಕೊಟ್ಟಿರಬೇಕು ಎಂಬ ಮಾತೂ ಕ್ಷೌರದಂಗಡಿಯಿಂದ ಹೊರಟಿತು. ಅದನ್ನು ಕೇಳಿ ಗಿರಣಿಯಮ್ಮ ಬೀದಿ ದಾಟಿ ಹೋಗಿ, ಸೋಪು ಹಚ್ಚಿಸಿಕೊಂಡು ಕೂತ ಗಿರಾಕಿಯ ಪಕ್ಕದ ಸ್ಟೂಲಿನ ಮೇಲೆ ಕೂತು, ಮಾವ, ನಿನಗೆ ಏನೇನು ಭಯ ಇದೆ, ಒಂದೊಂದಾಗಿ ಹೇಳು ಎಂದಳು. ಜಗಳಕ್ಕೆ ಸಿದ್ಧನಾಗಿದ್ದ ಅವನು ತಬ್ಬಿಬ್ಬಾದ. ಕೊನೆಗೆ, ತನ್ನ ಮೊಮ್ಮಗನಿಗೆ ಫಿಟ್ಸ್ ಬರುತ್ತದೆ, ಚುಚ್ಚಿಸಿದರೆ ಹೆಚ್ಚಾಗುತ್ತದೇನೋ ಎಂಬ ಹೆದರಿಕೆ, ಅದನ್ನು ಹೇಳಿಕೊಳ್ಳಲು ನಾಚಿಕೆ ಎಂದ. ಇಷ್ಟು ದಿನ ಅವನು ಹರಡಿದ ಊಹಾಪೋಹದ ಬುಡದಲ್ಲಿ ಇದ್ದದ್ದು ಇಷ್ಟೇ.

ಗಿರಣಿಯಮ್ಮ ಅಲ್ಲಿಂದ ನೇರವಾಗಿ ಲಸಿಕೆಯ ಕೋಣೆಗೆ ಹೋದಳು. ಎರಡು ವರ್ಷದ ಮೇಲೆ ನರ್ಸಕ್ಕನ ಎದುರು ಕೂತಳು. ಕ್ಷಮೆ ಕೇಳಲು ಬಾಯಿ ತೆರೆಯುವ ಮೊದಲೇ ನರ್ಸಕ್ಕ, ಅವತ್ತು ಮಗುವಿನ ತೂಕ ಕೇಳಬೇಕಿತ್ತು, ಹಾಲು ಹೇಗೆ ಕುಡಿಯುತ್ತಾಳೆ ಎಂದು ಕೇಳಬೇಕಿತ್ತು, ಜನ ಜಾಸ್ತಿ ಇದ್ದರು ಅಂತ ಚುಚ್ಚಿ ಕಳಿಸಿಬಿಟ್ಟೆ ಎಂದಳು. ಆಮೇಲೆ ಗಿರಣಿಯಮ್ಮ ಕ್ಷೌರದಂಗಡಿಯ ಮಾವನ ಮೊಮ್ಮಗನ ವಿಷಯ ತೆಗೆದಳು. ನರ್ಸಕ್ಕ ತನಗೂ ಖಚಿತವಾಗಿ ಗೊತ್ತಿಲ್ಲ, ಡಾಕ್ಟರನ್ನು ಕೇಳಿ ಹೇಳುತ್ತೇನೆ ಎಂದಳು. ಹೇಳಿದಂತೆ ಕೇಳಿಕೊಂಡು ಬಂದು, ಆ ಹುಡುಗನನ್ನು ಮೊದಲು ಡಾಕ್ಟರಿಗೆ ತೋರಿಸಿ, ಅವರ ಕಣ್ಣೆದುರಿಗೇ ಹಾಕಿಸಿದಳು. ಹುಡುಗನಿಗೆ ಏನೂ ಆಗಲಿಲ್ಲ. ಅಂದಿನಿಂದ ಕ್ಷೌರದಂಗಡಿಯ ಸುದ್ದಿಯ ದಾರಿ ಬದಲಾಯಿತು.

ಆಮೇಲೆ ವಾರಕ್ಕೊಮ್ಮೆ ನರ್ಸಕ್ಕ ಗಿರಣಿಗೆ ಬರತೊಡಗಿದಳು. ಅವಳು ಬಂದಾಗ ಮೋಟಾರು ನಿಲ್ಲುತ್ತಿತ್ತು. ಇಬ್ಬರ ನಡುವೆ ಒಂದು ಒಪ್ಪಂದ: ಯಾರನ್ನೂ ಬೈಯುವುದಿಲ್ಲ, ಹೆದರಿಸುವುದಿಲ್ಲ, ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನುವುದು. ಜ್ವರ ಬರುತ್ತದೆಯೇ ಎಂದರೆ ನರ್ಸಕ್ಕ ಬರಬಹುದು ಎನ್ನುತ್ತಿದ್ದಳು. ಚುಚ್ಚಿದ ಜಾಗ ಗಂಟಾಗುತ್ತದೆಯೇ ಎಂದರೆ ಹೌದು, ಕೆಲವು ದಿನ ಇರುತ್ತದೆ ಎನ್ನುತ್ತಿದ್ದಳು. ದೊಡ್ಡ ತೊಂದರೆ ಆಗುವುದೇ ಇಲ್ಲವೇ ಎಂದು ಒಬ್ಬಳು ಪಟ್ಟುಹಿಡಿದಾಗ, ಬಹಳ ಅಪರೂಪಕ್ಕೆ ಆಗಬಹುದು, ಅದಕ್ಕೇ ಹಾಕಿಸಿದ ಮೇಲೆ ಅರ್ಧ ಗಂಟೆ ಕೂರಿಸಿಕೊಳ್ಳುವುದು, ಅದಕ್ಕೆ ಬೇಕಾದ ಔಷಧಿ ನನ್ನ ಕೈಯಲ್ಲೇ ಇರುತ್ತದೆ ಎಂದು ತೆಗೆದು ತೋರಿಸಿದಳು. ಮೈಕಿನಲ್ಲಿ ಕೂಗಿದ್ದಕ್ಕೆ ಬಾರದವರು ಇದನ್ನು ಕೇಳಿ ಬಂದರು. ಜೊತೆಗೆ ಅವಳು ಪ್ರತಿ ತಾಯಿಯನ್ನೂ ಮಗು ಹಾಲು ಕುಡಿಯುವಾಗ ಬೆವರುತ್ತದೆಯೇ, ನಡುವೆ ಸುಸ್ತಾಗುತ್ತದೆಯೇ ಎಂದು ಕೇಳುವ ಅಭ್ಯಾಸ ಮಾಡಿಕೊಂಡಳು. ಅದರಿಂದ ಹಿಂದಿನ ಬೀದಿಯ ಒಂದು ಮಗುವಿನ ಹೃದಯದ ತೊಂದರೆ ಮೊದಲೇ ತಿಳಿದು, ಆಪರೇಷನ್ ಆಗಿ, ಮಗು ಉಳಿಯಿತು. ಆ ಸುದ್ದಿ ಬಂದ ದಿನ ಗಿರಣಿಯಮ್ಮ ತಕ್ಕಡಿಯ ತಟ್ಟೆಯನ್ನು ಒರೆಸಿ ಒರೆಸಿ ಇಟ್ಟಳು.

ಮೇಸ್ತ್ರಿ ಗಿರಣಿಯತ್ತ ಬರುವುದನ್ನು ಬಿಟ್ಟಿದ್ದ. ಗೊತ್ತಿದ್ದೂ ಹೇಳಲಿಲ್ಲವಲ್ಲ ಎಂಬ ಅವನ ನೋವು ನ್ಯಾಯವಾದದ್ದೇ. ಗಿರಣಿಯಮ್ಮ ಅವನ ಕಾಲಿಗೆ ಬೀಳಲೂ ಸಿದ್ಧಳಾಗಿ ಮನೆಗೆ ಹೋದಳು. ಮೇಸ್ತ್ರಿಯ ಹೆಂಡತಿ ಬಾಗಿಲಲ್ಲೇ ತಡೆದು, ಬೇಡಮ್ಮ, ಈಗ ಬೇಡ, ಅವರಿಗೆ ಇನ್ನೂ ಆಗುವುದಿಲ್ಲ ಎಂದು ಕಳಿಸಿದಳು. ಆಗ ಬಸುರಿಯಾಗಿದ್ದ ಅವಳು, ಮಗು ಹುಟ್ಟಿದ ಮೇಲೆ ತಾನೇ ಎತ್ತಿಕೊಂಡು ಬಂದು ಮೊದಲ ಚುಚ್ಚುಮದ್ದು ಹಾಕಿಸಿದಳು. ಮೇಸ್ತ್ರಿ ಮಾತಾಡಲು ಇನ್ನೂ ಒಂದು ವರ್ಷ ಹಿಡಿಯಿತು. ಒಂದು ದಿನ ಯಾರಿಗೂ ಹೇಳದೆ ಇಟ್ಟಿಗೆ, ಸಿಮೆಂಟು ತಂದು, ಲಸಿಕೆಯ ಕೋಣೆಯ ಹೊರಗೆ ನೆರಳಿನಲ್ಲಿ ಉದ್ದನೆಯ ಬೆಂಚು ಕಟ್ಟಿದ. ತಾಯಂದಿರು ಮಕ್ಕಳನ್ನು ಎತ್ತಿಕೊಂಡು ಅರ್ಧ ಗಂಟೆ ನಿಂತೇ ಇರುತ್ತಿದ್ದದ್ದನ್ನು ಅವನು ನೋಡಿದ್ದ. ಗಿರಣಿಯಮ್ಮ ಅತ್ತ ಬಂದಾಗ, ಇನ್ನೂ ಹಸಿ ಇದೆ, ಕೂರಬೇಡಿ ಎಂದ. ಅವನು ಅವಳೊಡನೆ ಆಡಿದ ಮೊದಲ ಮಾತು ಅದು.

ಮಗನ ಮೌನ ಇದಕ್ಕಿಂತ ಉದ್ದವಾಗಿತ್ತು. ಒಂದೇ ಮನೆಯಲ್ಲಿದ್ದು, ತಾಯಿ ಬಡಿಸಿದ್ದನ್ನು ಉಂಡು, ಬೇಕಾದ್ದನ್ನೆಲ್ಲ ಹೆಂಡತಿಯ ಮೂಲಕ ಹೇಳಿಸುತ್ತಿದ್ದ. ಸೊಸೆ ಮತ್ತೆ ಬಸುರಿಯಾದಳು. ಈ ಬಾರಿ ಹುಟ್ಟುವ ಮೊದಲೇ ಮಗುವಿನ ಹೃದಯವನ್ನು ನೋಡಿಸಿದರು, ಸರಿಯಾಗಿತ್ತು. ಹುಟ್ಟಿದ ಹೆಣ್ಣು ಮಗುವನ್ನು ಸೊಸೆ ಲಸಿಕೆಗೆ ಎತ್ತಿಕೊಂಡು ಹೊರಟಾಗ ಮಗ ಬೇಡ ಎನ್ನಲಿಲ್ಲ, ಹೂಂ ಎನ್ನಲೂ ಇಲ್ಲ. ಕೆಲಸಕ್ಕೆ ಹೋಗದೆ ಮನೆಯಲ್ಲೇ ಉಳಿದ. ಅಂದೂ ಮರುದಿನವೂ ಮಗುವಿನ ಎದೆ ಏಳುವುದನ್ನು ಇಳಿಯುವುದನ್ನು ನೋಡುತ್ತ ತೊಟ್ಟಿಲ ಬಳಿಯೇ ಕೂತ. ಮೂರನೆಯ ದಿನ ಅಡುಗೆಮನೆಗೆ ಬಂದು, ಅಮ್ಮ, ಸ್ವಲ್ಪ ಟೀ ಮಾಡು ಎಂದ. ಗಿರಣಿಯಮ್ಮ ಟೀ ಮಾಡಿಕೊಟ್ಟಳು. ಅದಾದ ಮೇಲೆ ಆ ಹಳೆಯ ಮಾತನ್ನು ಇಬ್ಬರೂ ಎತ್ತಲಿಲ್ಲ. ಅವನಿಗೆ ಡಾಕ್ಟರ ಮಾತಿನ ಮೇಲೆ ಪೂರ್ತಿ ನಂಬಿಕೆ ಬಂತೋ ಇಲ್ಲವೋ ನಮಗೆ ಇಂದಿಗೂ ಗೊತ್ತಿಲ್ಲ.

ವರ್ಷಗಳು ಕಳೆದವು. ಗಿರಣಿಯ ಸದ್ದಿನಲ್ಲಿ ಬದುಕಿದ ಗಿರಣಿಯಮ್ಮನ ಕಿವಿ ಮಂದವಾಯಿತು. ನರ್ಸಕ್ಕ ನಿವೃತ್ತಳಾಗಿ ಅವಳ ಜಾಗಕ್ಕೆ ಚಿಕ್ಕ ವಯಸ್ಸಿನ ನರ್ಸು ಬಂದಳು. ಆಗಲೇ ಬೆಳೆಯುವ ಹೆಣ್ಣುಮಕ್ಕಳಿಗೆಂದು ಹೊಸ ಲಸಿಕೆ ಬಂತು, ಮುಂದೆ ಗರ್ಭಕೋಶದ ಬಾಯಿಗೆ ಕ್ಯಾನ್ಸರ್ ಬಾರದಂತೆ ತಡೆಯುವುದು. ಅದು ಬರುವ ಮೊದಲೇ ಫೋನುಗಳಲ್ಲಿ ಸುದ್ದಿ ಬಂದಿತ್ತು, ಹಾಕಿಸಿದರೆ ಮಕ್ಕಳಾಗುವುದಿಲ್ಲ ಎಂದು. ತಾಯಂದಿರು ಫೋನು ಹಿಡಿದು ಗಿರಣಿಯಮ್ಮನ ಬಳಿ ಬಂದರು. ಅವಳು ಹಾಕಿಸಿ ಎನ್ನಲಿಲ್ಲ, ಬೇಡ ಎನ್ನಲೂ ಇಲ್ಲ.

"ನನಗೂ ಗೊತ್ತಿಲ್ಲ ಕಣ್ರೇ. ಬನ್ನಿ, ಹೋಗಿ ಕೇಳೋಣ."

ಎಲ್ಲರನ್ನೂ ಲಸಿಕೆಯ ಕೋಣೆಗೆ ಕರೆದುಕೊಂಡು ಹೋಗಿ ಮುಂದಿನ ಸಾಲಿನಲ್ಲಿ ಕೂತಳು. ಕಿವಿ ಕೇಳದ್ದರಿಂದ ಪ್ರತಿ ಉತ್ತರವನ್ನೂ ಮತ್ತೆ ಮತ್ತೆ ಹೇಳಿಸಿದಳು. ಮುಟ್ಟಿನ ಮಾತು, ಮಕ್ಕಳಾಗುವ ಮಾತು, ಯಾರೂ ಬಾಯಿಬಿಟ್ಟು ಕೇಳದ ಮಾತುಗಳನ್ನೆಲ್ಲ ಹೊಸ ನರ್ಸು ಅವಳಿಗಾಗಿ ಗಟ್ಟಿಯಾಗಿ ಹೇಳಬೇಕಾಯಿತು. ನಾಚಿಕೊಂಡು ಹಿಂದೆ ನಿಂತಿದ್ದವರಿಗೂ ಎಲ್ಲ ಸ್ಪಷ್ಟವಾಗಿ ಕೇಳಿತು. ಮಕ್ಕಳಾಗುವುದಕ್ಕೂ ಇದಕ್ಕೂ ಸಂಬಂಧವಿಲ್ಲ ಎಂಬುದನ್ನು ಗಿರಣಿಯಮ್ಮ ಮೂರು ಸಲ ಹೇಳಿಸಿದಳು. ಮೂರನೆಯ ಸಲ ಅವಳಿಗೆ ನಿಜವಾಗಿಯೂ ಕೇಳಿಸಿರಲಿಲ್ಲವೇ ಎಂದು ನಮಗೆ ಅನುಮಾನ.

ಲಸಿಕೆಯ ದಿನ ಅವಳ ಎರಡನೆಯ ಮೊಮ್ಮಗಳನ್ನು ಕೈಹಿಡಿದು ಕರೆತಂದವನು ಮಗನೇ. ಅವನು ಒಳಗೆ ಹೋಗಲಿಲ್ಲ. ಬೆಂಚಿನ ಮೇಲೆ ಮೇಸ್ತ್ರಿ ಕೂತಿದ್ದ. ಅವನ ಅಣ್ಣನ ಮಗಳು ಒಳಗಿದ್ದಳು. ಮಗ ಹೋಗಿ ಅವನ ಪಕ್ಕ ಕೂತ. ಮೇಸ್ತ್ರಿ ಸ್ವಲ್ಪ ಸರಿದು ಜಾಗ ಬಿಟ್ಟ. ಮೊಮ್ಮಗಳು ತೋಳು ಒತ್ತಿಕೊಂಡು ಹೊರಗೆ ಬಂದು ಇಬ್ಬರ ನಡುವೆ ಕೂತಳು. ಅಷ್ಟೇನೂ ನೋಯಲಿಲ್ಲ ಅಪ್ಪ ಎಂದಳು. ಅವನು ಅವಳ ಇನ್ನೊಂದು ಕೈಯನ್ನು ತನ್ನ ಕೈಯೊಳಗೆ ತೆಗೆದುಕೊಂಡ.